ಎಲ್ಲರೂ ಹಾಡುತ್ತಾರೆ, ಯಾರೂ ಮಾತಾಡುವುದಿಲ್ಲ

ಬಾಗಲಕೋಟೆಯ ನವನಗರದಿಂದ ನಮಸ್ಕಾರ. ಇವತ್ತು ನಮ್ಮ ಮನೆಯ ಟಿವಿಯಲ್ಲಿ ಹಾಕಿರುವುದು 1978ರ ಸಿನಿಮಾ, ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’. ಇದು ಬೀಟಲ್ಸ್ ತಂಡದ 1967ರ ಆಲ್ಬಂನ ಹೆಸರು. ಸಿನಿಮಾದಲ್ಲಿ ಅವರ ಹಾಡುಗಳಿವೆ, ಅವರು ಮಾತ್ರ ಇಲ್ಲ. ಹಾಡುವವರು ರಾಕ್ ಗಾಯಕ ಪೀಟರ್ ಫ್ರಾಂಪ್ಟನ್ ಮತ್ತು ಬೀ ಜೀಸ್ ತಂಡದ ಮೂವರು ಸಹೋದರರು. ತೆರೆಗೆ ಬಂದಾಗ ವಿಮರ್ಶಕರು ಇದನ್ನು ಹಿಗ್ಗಾಮುಗ್ಗಾ ಝಾಡಿಸಿದ್ದರು. ಅಷ್ಟು ಬೈಗುಳ ತಿಂದ ಸಿನಿಮಾ ಎಂದ ಮೇಲೆ ನನಗೆ ನೋಡದೆ ಇರಲಾಗುವುದಿಲ್ಲ.

ತುಣುಕುಗಳನ್ನು ತೋರಿಸಿದರೆ ಈ ವಿಡಿಯೊ ಉಳಿಯುವುದಿಲ್ಲ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಹಾಗಾಗಿ ನೀವು ನಮ್ಮ ಕಾಕಾನ ಮುಖವನ್ನೇ ನೋಡಬೇಕು. ಇವರು ಬಹಳ ವರ್ಷ ನಮ್ಮ ಕಡೆಯ ಜಾನಪದ ರಂಗಕಲೆ ಶ್ರೀಕೃಷ್ಣ ಪಾರಿಜಾತದ ಆಟಗಳಿಗೆ ಹಾರ್ಮೋನಿಯಂ ನುಡಿಸಿದವರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಕಿವಿ ಮಾತ್ರ ಬಲು ಚುರುಕು. ಪಕ್ಕದಲ್ಲಿ ಗಿರ್ಮಿಟ್ ತಟ್ಟೆ ಹಿಡಿದಿರುವವರು ನಮ್ಮ ವೈನಿ. ಮೊದಲ ಹಾಡು ಮುಗಿಯುವ ಮುನ್ನವೇ ಮಿರ್ಚಿ ಖಾಲಿಯಾದವು.

ಕಾಗದದ ಮೇಲೆ ಲೆಕ್ಕ ಬಹಳ ಚೆನ್ನಾಗಿತ್ತು. ನಿರ್ಮಾಪಕ ರಾಬರ್ಟ್ ಸ್ಟಿಗ್‌ವುಡ್. 1977ರ ಕೊನೆಯಲ್ಲಿ ಅವರ ‘ಸ್ಯಾಟರ್ಡೇ ನೈಟ್ ಫೀವರ್’ ಬಂದು ಜಗತ್ತನ್ನೇ ಕುಣಿಸಿತ್ತು. ಅದರ ಹಾಡುಗಳ ಬಹುಪಾಲು ಜಯ ಬೀ ಜೀಸ್‌ದು. ಫ್ರಾಂಪ್ಟನ್‌ರ 1976ರ ಲೈವ್ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಗಿತ್ತು. ಸಂಗೀತದ ಹೊಣೆ ಬೀಟಲ್ಸ್ ರೆಕಾರ್ಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರದೇ. ಇಷ್ಟು ಜನ ಸೇರಿದ ಮೇಲೆ ಯಾರು ತಾನೇ ಸೋಲನ್ನು ನಿರೀಕ್ಷಿಸಿಯಾರು?

ಕಥೆ ಹೀಗಿದೆ. ಅಮೆರಿಕದ ಹಾರ್ಟ್‌ಲ್ಯಾಂಡ್ ಎಂಬ ಊರಿನ ನಾಲ್ವರು ಹುಡುಗರು ಬ್ಯಾಂಡ್ ಕಟ್ಟಿ ದೊಡ್ಡ ನಗರಕ್ಕೆ ಹೋಗುತ್ತಾರೆ, ಅಲ್ಲಿ ಕೆಡುತ್ತಾರೆ. ಇತ್ತ ಊರಿನ ಮಾಂತ್ರಿಕ ವಾದ್ಯಗಳು ಕಳುವಾಗುತ್ತವೆ. ಅವುಗಳನ್ನು ಮರಳಿ ತರಬೇಕು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ, ಸಿನಿಮಾ ತಾನೇ ಅದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ.

ಸ್ವಲ್ಪ ಹೊತ್ತಿಗೆ ಕಾಕಾ ಕೇಳಿದರು: “ತಮ್ಮಾ, ಇವರು ಮಾತಾಡುವುದು ಯಾವಾಗ?”

ಮಾತಾಡುವುದೇ ಇಲ್ಲ. ನಾಯಕ, ಖಳ, ನಾಯಕಿ, ಯಾರಿಗೂ ಸಂಭಾಷಣೆಯಿಲ್ಲ. ಮಾತೆಲ್ಲ ಊರಿನ ಮೇಯರ್ ಪಾತ್ರದ ಹಿರಿಯ ಹಾಸ್ಯನಟ ಜಾರ್ಜ್ ಬರ್ನ್ಸ್ ಅವರ ನಿರೂಪಣೆಯಲ್ಲೇ ಮುಗಿಯುತ್ತದೆ. ನಾಲ್ವರೂ ಇಂಗ್ಲೆಂಡಿನ ನಾಲಿಗೆಯವರು, ಅಮೆರಿಕದ ಹಳ್ಳಿ ಹುಡುಗರ ಮಾತು ಅವರಿಗೆ ಒಗ್ಗದು ಎಂಬ ಲೆಕ್ಕವೂ ಇದ್ದಿರಬಹುದು. ಪರಿಣಾಮ ಏನೆಂದರೆ, ಹಾಡು ಮುಗಿದ ಕೂಡಲೇ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಹುಬ್ಬೇರಿಸುತ್ತಾರೆ, ನಗುತ್ತಾರೆ. ಮುಂದಿನ ಹಾಡು ಬರುವ ತನಕ ಅವರಿಗೆ ಬೇರೆ ಕೆಲಸವೇ ಇಲ್ಲ.

“ಪಾರಿಜಾತದಲ್ಲೂ ಹಾಡೇ ಹೆಚ್ಚಲ್ಲವೇ ಕಾಕಾ?” ಎಂದು ಕೆಣಕಿದೆ. ಅವರು ಎದ್ದು ಕುಳಿತರು. ಈ ಭಾಗವನ್ನು ನಾನು ಕತ್ತರಿಸಿಲ್ಲ, ಪೂರ್ತಿ ಕೇಳಿ. ಸತ್ಯಭಾಮೆ ಹಾಡುತ್ತಾಳೆ, ನಿಜ. ಹಾಡು ನಿಂತ ತಕ್ಷಣ ಭಾಗವತ ಅವಳನ್ನು ತಡೆದು ಪ್ರಶ್ನೆ ಹಾಕುತ್ತಾನೆ: ಯಾರವ್ವ ನೀನು, ಇಷ್ಟು ಸಿಟ್ಟು ಯಾರ ಮೇಲೆ? ಅವಳು ಉತ್ತರಿಸಲೇಬೇಕು. ಆ ಉತ್ತರದಲ್ಲಿ ಅವಳ ಗರ್ವ, ಸವತಿಮತ್ಸರ, ಒಳಗಿನ ಅಳು ಎಲ್ಲ ಹೊರಬೀಳುತ್ತವೆ. ಕೌಜಲಗಿ ನಿಂಗಮ್ಮನವರ ಭಾಮೆಯನ್ನು ಜನ ಇಂದಿಗೂ ನೆನೆಯುತ್ತಾರಲ್ಲ, ಅದು ಬರೀ ಕಂಠಕ್ಕಾಗಿ ಅಲ್ಲ ಎಂದು ಕಾಕಾನ ವಾದ. ಕೊನೆಗೆ ಟಿವಿಯತ್ತ ಕೈ ತೋರಿಸಿ ಒಂದು ಮಾತು ಹೇಳಿದರು: “ಭಾಗವತ ಕೆಣಕುತ್ತಾನೆ. ಈ ಮುದುಕ ಬರೀ ವರದಿ ಒಪ್ಪಿಸುತ್ತಾನೆ.”

ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ನಿಖರವಾಗಿರಲಿಲ್ಲ.

ಮಾತಿಲ್ಲದ್ದರಿಂದ ಕಥೆಯ ಭಾರವೆಲ್ಲ ಹಾಡುಗಳ ಮೇಲೆ ಬೀಳುತ್ತದೆ. ಆ ಹಾಡುಗಳನ್ನು ಬರೆದವರಿಗೆ ಈ ಕಥೆ ಗೊತ್ತೇ ಇರಲಿಲ್ಲ. ಆದ್ದರಿಂದ ಸಾಲಿಗೆ ತಕ್ಕಂತೆ ದೃಶ್ಯ ಹೊಲಿದಿದ್ದಾರೆ. ನಾಯಕಿಯ ಹೆಸರೇ ಸ್ಟ್ರಾಬೆರಿ ಫೀಲ್ಡ್ಸ್, ಅದೂ ಒಂದು ಹಾಡಿನಿಂದ ಎತ್ತಿಕೊಂಡದ್ದು. ಅವಳು ಸಾಯುತ್ತಾಳೆ. ಅಂತ್ಯಯಾತ್ರೆಯಲ್ಲಿ ಗಾಜಿನ ಶವಪೆಟ್ಟಿಗೆ. ಅದನ್ನು ಹೊತ್ತು ಬೀ ಜೀಸ್ ಸಹೋದರರು ಹಾಡುವ ಹಾಡು ಯಾವುದು? ‘ಕ್ಯಾರಿ ದಟ್ ವೇಟ್’. ಭಾರ ಹೊರಬೇಕು ಎನ್ನುವ ಹಾಡನ್ನು ಹೆಣ ಹೊತ್ತು ಹಾಡಿಸಿದ್ದಾರೆ! ಅರ್ಥ ಹೇಳಿದಾಗ ವೈನಿ ಗಿರ್ಮಿಟ್ ನೆತ್ತಿಗೇರಿ ಕೆಮ್ಮಿದರು. ದುಃಖದ ದೃಶ್ಯಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಗೌರವ ಅಷ್ಟೇ.

ನನಗೆ ಕಾಡಿದ್ದು ಇನ್ನೊಂದು ಸಂಗತಿ. ‘ಫೀವರ್’ನಲ್ಲಿ ಬೀ ಜೀಸ್ ತೆರೆಯ ಮೇಲೆ ಕಾಣಿಸುವುದೇ ಇಲ್ಲ. ಬೀದಿಯಲ್ಲಿ ನಡೆಯುವವನು ಜಾನ್ ಟ್ರವೋಲ್ಟಾ, ಆ ನಡಿಗೆಗೆ ಜೀವ ತುಂಬುವುದು ಇವರ ದನಿ. ಅದು ನಮಗೆ ಹೊಸದಲ್ಲ. ಪಿ.ಬಿ. ಶ್ರೀನಿವಾಸ್ ಹಾಡಿದರೆ ರಾಜ್‌ಕುಮಾರ್ ಹಾಡಿದಂತೆಯೇ ಎಂದು ಒಪ್ಪಿಕೊಂಡು ಬೆಳೆದವರು ನಾವು. ಮುಂದೆ ರಾಜ್‌ಕುಮಾರ್ ತಾವೇ ಹಾಡಲು ನಿಂತಾಗಲೂ ಗೆದ್ದರು, ಏಕೆಂದರೆ ನಾಟಕ ಕಂಪನಿಯಲ್ಲಿ ಮಾತು, ಹಾಡು, ನಡಿಗೆ ಮೂರನ್ನೂ ಒಟ್ಟಿಗೆ ಕಲಿತು ಬಂದವರು ಅವರು. ಇಲ್ಲಿ ದನಿಯನ್ನು ಹಿನ್ನೆಲೆಯಿಂದ ಎಳೆದು ತಂದು ಮುಂದೆ ನಿಲ್ಲಿಸಿ, ಬಾಯಿಗೆ ಬೀಗ ಹಾಕಿದ್ದಾರೆ. ಆ ಸಹೋದರರಿಗೆ ಅಭಿನಯ ಬರುವುದಿಲ್ಲ ಎಂದು ಬೈಯಲು ನನಗಂತೂ ಮನಸ್ಸಿಲ್ಲ. ಅಭಿನಯಿಸಲು ಬಿಟ್ಟವರಾದರೂ ಯಾರು?

ಹಾಗಂತ ಇಡೀ ಸಿನಿಮಾ ದಂಡವಲ್ಲ. ಹುಚ್ಚು ವೈದ್ಯನಾಗಿ ಸ್ಟೀವ್ ಮಾರ್ಟಿನ್ ಬೆಳ್ಳಿ ಸುತ್ತಿಗೆ ಹಿಡಿದು ಬರುವಷ್ಟು ಹೊತ್ತು ಮನೆಯಲ್ಲಿ ಯಾರೂ ಮೊಬೈಲ್ ಮುಟ್ಟಲಿಲ್ಲ. ಏರೋಸ್ಮಿತ್ ತಂಡ ಖಳರ ವೇಷದಲ್ಲಿ ‘ಕಮ್ ಟುಗೆದರ್’ ಹಾಡುತ್ತದೆ, ಅದರಲ್ಲಿ ನಿಜವಾದ ಕೊಬ್ಬಿದೆ. ‘ಅರ್ಥ್, ವಿಂಡ್ ಆ್ಯಂಡ್ ಫೈರ್’ ತಂಡ ಕಥೆಯ ಗೊಡವೆಗೇ ಹೋಗದೆ ತಮ್ಮ ಹಾಡನ್ನು ತಮ್ಮ ಧಾಟಿಯಲ್ಲಿ ಹಾಡಿ ಹೋಗುತ್ತದೆ. ಅಮೆರಿಕದಲ್ಲಿ ಅದು ದೊಡ್ಡ ಹಿಟ್ ಆಯಿತು. ಆದರೆ ಸಿನಿಮಾದ ಜೋಡಿ ರೆಕಾರ್ಡುಗಳು ಅಂಗಡಿಗಳಿಗೆ ರಾಶಿ ರಾಶಿ ಹೋಗಿ, ರಾಶಿ ರಾಶಿಯಾಗಿಯೇ ಕಂಪನಿಗೆ ವಾಪಸ್ ಬಂದವು.

ಎಲ್ಲ ಕೈಮೀರಿದಾಗ ಗಾಳಿಯ ದಿಕ್ಕು ತೋರಿಸುವ ಗೊಂಬೆಗೆ ಜೀವ ಬರುತ್ತದೆ. ಅದು ಬಿಲ್ಲಿ ಪ್ರೆಸ್ಟನ್! ಬೆರಳಿನಿಂದ ಮಿಂಚು ಚಿಮ್ಮಿಸುತ್ತ, ‘ಗೆಟ್ ಬ್ಯಾಕ್’ ಹಾಡುತ್ತ ಸತ್ತವಳನ್ನೂ ಎಬ್ಬಿಸುತ್ತಾರೆ. 1969ರ ಮೂಲ ಹಾಡಿಗೆ ಕೀಬೋರ್ಡ್ ನುಡಿಸಿದವರು ಇವರೇ, ಆ ರೆಕಾರ್ಡಿನ ಮೇಲೆ ಬೀಟಲ್ಸ್ ಜೊತೆ ಇವರ ಹೆಸರೂ ಇತ್ತು. ಇದನ್ನು ನಾನು ಇನ್ನೂ ಹೇಳಿರಲಿಲ್ಲ. ಕಾಕಾನ ಬಲಗೈ ಬೆರಳುಗಳು ಆಗಲೇ ಕುರ್ಚಿಯ ಕೈ ಮೇಲೆ ಓಡುತ್ತಿದ್ದವು, ನೋಡಿ, ಕ್ಯಾಮೆರಾದಲ್ಲಿ ಸಿಕ್ಕಿದೆ. “ಇವನು ಪೆಟ್ಟಿಗೆ ನುಡಿಸುವವನು” ಎಂದರು.

ನೋಡುವುದಿದ್ದರೆ ನಾನು ಹೆಸರಿಸಿದ ಈ ನಾಲ್ಕು ಕಡೆ ನಿಲ್ಲಿಸಿ ನೋಡಿ, ಉಳಿದದ್ದನ್ನು ಧಾರಾಳವಾಗಿ ಓಡಿಸಿ. ಮುಂದಿನ ವಿಡಿಯೊದಲ್ಲಿ ಪಾರಿಜಾತದ ಒಂದೆರಡು ಹಾಡು ನುಡಿಸಿ ತೋರಿಸಲು ಕಾಕಾ ಒಪ್ಪಿದ್ದಾರೆ. ಷರತ್ತು ಒಂದೇ: ನಡುವೆ ನನ್ನ ನಿರೂಪಣೆ ಇರಕೂಡದಂತೆ.