ಒಂದು ಕಪ್ಪು ತಟ್ಟೆ, ಎರಡು ಊರು

ಎಲ್ಲರಿಗೂ ನಮಸ್ಕಾರ. ಬರುವಾಗ ಒಂದು ಕಪ್ಪು ಪ್ಲಾಸ್ಟಿಕ್ ತಟ್ಟೆ ತಂದಿದ್ದೇನೆ, ನೋಡಿ. ಒಂದು ಊರಲ್ಲಿ ಇದನ್ನು ಮರುಬಳಕೆಯ ಡಬ್ಬಕ್ಕೆ ಹಾಕಿ ಅಂತಾರೆ. ಗಡಿ ದಾಟಿ ಪಕ್ಕದ ಊರಿಗೆ ಹೋದರೆ ಇದು ಬರೀ ಕಸ. ತಟ್ಟೆ ಅದೇ ಅಲ್ವಾ? ಹಾಗಾದರೆ ಬದಲಾಗಿದ್ದು ಏನು?

ಕಸದ ಲಾರಿ ಹೋಗಿ ಸುರಿಯುವ ಜಾಗ. ಅಲ್ಲಿ ಬೆಲ್ಟಿನ ಮೇಲೆ ಸಾಗುವ ಪ್ಲಾಸ್ಟಿಕ್ ಮೇಲೆ ಯಂತ್ರ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಪುಟಿದು ಬಂದ ಬೆಳಕು ನೋಡಿ ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ. ಆದರೆ ಕಪ್ಪು ಬಣ್ಣಕ್ಕೆ ಸಾಮಾನ್ಯವಾಗಿ ಬೆರೆಸುವ ಕಾರ್ಬನ್ ಬ್ಲ್ಯಾಕ್ ಆ ಬೆಳಕನ್ನು ನುಂಗಿಬಿಡುತ್ತದೆ. ಯಂತ್ರದ ಪಾಲಿಗೆ ಈ ತಟ್ಟೆ ಇಲ್ಲವೇ ಇಲ್ಲ! ಬೇರೆ ಯಂತ್ರ ಇರುವ ಊರು, ಇಲ್ಲಾ ಕೈಯಲ್ಲೇ ಆರಿಸುವ ಊರು ಇದನ್ನು ತಗೊಳ್ಳಬಹುದು.

ತಟ್ಟೆಯ ಬೆನ್ನಿಗೆ ತ್ರಿಕೋನದೊಳಗೆ ಒಂದು ಅಂಕಿ ಇದೆಯಲ್ಲ, ಅದನ್ನು ನಂಬಿ ನಾನೂ ಎಷ್ಟೋ ಸಲ ಮೋಸಹೋಗಿದ್ದೇನೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಗುರುತು ಅದು. ಪ್ಲಾಸ್ಟಿಕ್ ಯಾವುದು ಅಂತ ಹೇಳುತ್ತದೆ, ನಿಮ್ಮ ಊರು ತಗೊಳ್ಳುತ್ತದೋ ಇಲ್ಲವೋ ಹೇಳುವುದಿಲ್ಲ.

ಚೀಲದ ಕಥೆ ಇನ್ನೂ ಬೇರೆ. ತೆಳು ಪ್ಲಾಸ್ಟಿಕ್ ಚೀಲ ವಿಂಗಡಣೆಯ ತಿರುಗುವ ಚಕ್ರಗಳಿಗೆ ಕೂದಲಿನ ಹಾಗೆ ಸುತ್ತಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಕೆಲಸಗಾರರು ಒಳಗಿಳಿದು ಚಾಕುವಿನಿಂದ ಕತ್ತರಿಸಿ ತೆಗೆಯಬೇಕು. ಅದಕ್ಕೇ ಎಷ್ಟೋ ಊರುಗಳು ಚೀಲ ಬೇಡವೇ ಬೇಡ ಅನ್ನುವುದು.

ಕೊಳ್ಳುವವರೂ ಇರಬೇಕಲ್ಲ. 2018ರಲ್ಲಿ ಚೀನಾ ಹೊರದೇಶದ ಎಷ್ಟೋ ಬಗೆಯ ಹಳೆ ಪ್ಲಾಸ್ಟಿಕ್ಕಿಗೂ ರದ್ದಿಗೂ ಬಾಗಿಲು ಹಾಕಿತು. ಅಲ್ಲಿಗೇ ಮಾಲು ಕಳಿಸುತ್ತಿದ್ದ ಊರುಗಳು ತಾವು ಮರುಬಳಕೆಗೆ ತಗೊಳ್ಳುವ ವಸ್ತುಗಳ ಪಟ್ಟಿ ಕಡಿಮೆ ಮಾಡಿದವು. ಹತ್ತಿರದಲ್ಲೇ ಕೊಳ್ಳುವವರಿದ್ದ ಊರಿಗೆ ಅಷ್ಟು ಬಿಸಿ ತಟ್ಟಲಿಲ್ಲ.

ಇನ್ನು ಅಂಗಡಿ, ಆಫೀಸು. ಮನೆಯ ಕಸ ಸಾಮಾನ್ಯವಾಗಿ ನಗರಸಭೆಯ ಹೊಣೆ. ಅಂಗಡಿಯವರು ಎಷ್ಟೋ ಕಡೆ ಖಾಸಗಿ ಗುತ್ತಿಗೆದಾರರಿಗೆ ದುಡ್ಡು ಕೊಟ್ಟು ಸಾಗಿಸಬೇಕು. ಹಾಗಾಗಿ ಒಂದೇ ಬೀದಿ, ಒಂದೇ ರಟ್ಟಿನ ಪೆಟ್ಟಿಗೆ, ಕೆಳಗಿನ ಅಂಗಡಿಗೊಂದು ನಿಯಮ, ಮೇಲಿನ ಮನೆಗೊಂದು. ಅಂಗಡಿಯವರು ತಮ್ಮ ರಟ್ಟನ್ನು ಮನೆಯ ಡಬ್ಬಕ್ಕೆ ಹಾಕಿದರೆ ಕೆಲವು ಕಡೆ ದಂಡವೂ ಬೀಳುತ್ತದೆ. ನನ್ನ ಕೇಳಿದರೆ, ಊರೂರಿನ ವ್ಯತ್ಯಾಸಕ್ಕಿಂತ ಇದೇ ಜಾಸ್ತಿ ತಲೆನೋವು.

ಇಂಗ್ಲೆಂಡಿನವರಿಗೂ ಈ ಗೊಂದಲ ಸಾಕಾಗಿತ್ತು. ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿದರು: ಗಾಜು, ಲೋಹ, ಪ್ಲಾಸ್ಟಿಕ್, ಕಾಗದ ಮತ್ತು ರಟ್ಟು, ಆಹಾರದ ಕಸ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2025ರ ಮಾರ್ಚ್ 31ರ ಗಡುವು, ಮನೆಗಳಿಗೆ ಒಂದು ವರ್ಷ ತಡವಾಗಿ. ತೆಳು ಪ್ಲಾಸ್ಟಿಕ್ಕಿಗೆ ಮಾತ್ರ 2027ರವರೆಗೆ ಸಮಯ ಕೊಟ್ಟರು. ಮತ್ತೆ ಅದೇ ಚೀಲ, ನೋಡಿ!

ತಟ್ಟೆಯನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಹಿಂದೆ ತಿರುಗಿಸಿ ಅಂಕಿ ನೋಡಿ, ಪಕ್ಕದವರಿಗೆ ದಾಟಿಸಿ. ಯಾರ ಊರಲ್ಲಿ ಇದನ್ನು ತಗೊಳ್ಳುತ್ತಾರೆ, ಕೈ ಎತ್ತಿ.