ಬಿಸಿನೀರಿನ ನಂತರ ಮಲಗಬೇಡಿ

ಕೇಳುಗರೇ, ನಮಸ್ಕಾರ.

ದೀಪಾವಳಿಯ ಎಣ್ಣೆಸ್ನಾನ ನೆನಪಿದೆಯಲ್ಲ? ಹಂಡೆಯ ಬಿಸಿನೀರು ಬೆನ್ನ ಮೇಲೆ ಬಿದ್ದ ಕೂಡಲೇ ಹಿಡಿದುಕೊಂಡಿದ್ದ ಸೊಂಟ ಸಡಿಲವಾಗುತ್ತದೆ. ಆಮೇಲೆ ಹೋಗಿ ಮಲಗಿಬಿಡುತ್ತೇವೆ. ಹಳೆಯ ಸೊಂಟ ನೋವಿರುವವರು ಅಲ್ಲೇ ಒಂದು ಒಳ್ಳೆಯ ಅವಕಾಶ ಕಳೆದುಕೊಳ್ಳುತ್ತಾರೆ. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಹೆಚ್ಚಿನವರಲ್ಲಿ ಇಂಥದ್ದೇ ಮೂಳೆ, ಇಂಥದ್ದೇ ಡಿಸ್ಕ್ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಆಗುವುದಿಲ್ಲ. ನೋವಾದೀತೆಂಬ ಭಯಕ್ಕೆ ಮೈ ಬಗ್ಗಿಸುವುದನ್ನು ಬಿಡುತ್ತೇವೆ, ಬಿಂದಿಗೆ ಎತ್ತುವುದನ್ನು ಬಿಡುತ್ತೇವೆ. ಸ್ನಾಯುಗಳು ಸೊರಗುತ್ತವೆ. ಕೊನೆಗೆ ಸಣ್ಣ ಕೆಲಸವೂ ಭಾರವಾಗುತ್ತದೆ.

ಫ್ರಾನ್ಸಿನಲ್ಲಿ ಡಾಕ್ಸ್ ಎಂಬ ಊರಿದೆ. ಊರ ನಡುವಿನ ಬುಗ್ಗೆಯಲ್ಲಿ ಸುಮಾರು 64 ಡಿಗ್ರಿ ಬಿಸಿಯ ನೀರು ಉಕ್ಕುತ್ತದೆ. ಕೀಲು, ಬೆನ್ನು ನೋವಿನವರು ಮೂರು ವಾರ ಅಲ್ಲೇ ಉಳಿಯುತ್ತಾರೆ. ವೈದ್ಯರು ಬರೆದುಕೊಟ್ಟರೆ 18 ದಿನದ ಚಿಕಿತ್ಸೆಯ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರಿ ವಿಮೆ ಕೊಡುತ್ತದೆ. ಬಿಸಿ ಕೆಸರಿನ ಲೇಪ, ನೀರಿನ ಧಾರೆ, ಬೆಚ್ಚಗಿನ ಕೊಳದಲ್ಲಿ ವ್ಯಾಯಾಮ. ನನಗೆ ಈ ಕೊಳವೇ ಮುಖ್ಯ. ಸೊಂಟದ ಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಮೈಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೆಲದ ಮೇಲೆ ಹೆದರುವವರು ನೀರಲ್ಲಿ ಧೈರ್ಯವಾಗಿ ಹೆಜ್ಜೆ ಹಾಕುತ್ತಾರೆ. ಬಿಸಿ ನೋವನ್ನು ತುಸು ಮರೆಸುತ್ತದೆ. ಆ ಹೊತ್ತಲ್ಲಿ ಮೈ ಅಲುಗಾಡಬೇಕು.

ಹಳೆಯ ಸೊಂಟ ನೋವಿಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮವಿದೆ. ಸೊಂಟದ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರಾಕ್ಷನ್ ಬೇಡ ಎಂದಿದೆ. ಎಷ್ಟು ಮನೆಗಳಲ್ಲಿ ಬೆಲ್ಟ್ ಸುಮ್ನೆ ಮೊಳೆಗೆ ನೇತಾಡುತ್ತಿದೆ! ಮರುವರ್ಷ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದ 701 ಜನರೂ ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡವರು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ನಡಿಗೆ ಶುರುಮಾಡಿದವರಲ್ಲಿ ಅರ್ಧ ಜನರಿಗೆ ನೋವು ಮರಳುವ ಹೊತ್ತಿಗೆ 208 ದಿನ ಕಳೆದಿತ್ತು. ಇಂಥ ಮಾರ್ಗದರ್ಶನ ಸಿಗದ ಗುಂಪಿನಲ್ಲಿ ಅರ್ಧ ಜನರಿಗೆ 112 ದಿನಕ್ಕೇ ಮರಳಿತ್ತು. ನಡಿಗೆಗೆ ದುಡ್ಡೂ ಬೇಡ, ಅಲ್ವಾ?

ಒಂದು ಎಚ್ಚರ. ತೊಡೆಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಕಾಲು ಸೋತರೆ ಸ್ನಾನವೂ ಬೇಡ, ನಡಿಗೆಯೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ನೀರಿನ ಬಿಸಿಯನ್ನು ಮನೆಯವರಿಂದ ನೋಡಿಸಿಕೊಳ್ಳಿ.

ಉಳಿದವರು ನಾಳೆ ಸ್ನಾನ ಮುಗಿಸಿ, ಮೈ ಒರೆಸಿಕೊಂಡು, ಮೊಣಕಾಲು ಮಡಚಿ ಅಂಗಾತ ಮಲಗಿ. ಸೊಂಟವನ್ನು ನಿಧಾನಕ್ಕೆ ಮೇಲೆತ್ತಿ, ಇಳಿಸಿ. ಐದು ಸಲ ಸಾಕು. ಆಮೇಲೆ ಚಪ್ಪಲಿ ಮೆಟ್ಟಿ ಬೀದಿಯ ಕೊನೆಯವರೆಗೆ ಹೋಗಿಬನ್ನಿ.

ನಮಸ್ಕಾರ.