ಲಿಸ್ಟಿನಲ್ಲಿ ಹೆಸರು ಬಂತು, ಓಟ ನಿಲ್ಲಿಸಬೇಡಿ

ಎಲ್ಲರಿಗೂ ನಮಸ್ಕಾರ. ಸೇನೆಯಿಂದ ನಿವೃತ್ತನಾದ ಮೇಲೆ ನಾನು ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಹುಡುಗರನ್ನು ಓಡಿಸುತ್ತೇನೆ. ಅಗ್ನಿವೀರರಾಗಿ ಆಯ್ಕೆಯಾಗಿ, ಟ್ರೈನಿಂಗಿಗೆ ಹೊರಡುವ ದಿನ ಕಾಯುತ್ತಿರುವವರಿಗೆ ಒಂದೇ ಮಾತು: ದಿನಾ ಓಡಿ, ಓಡಿದ್ದನ್ನು ದಿನಾ ವಾಟ್ಸಾಪ್ ಗುಂಪಿಗೆ ಹಾಕಿ.

ಚಳ್ಳಕೆರೆ ಕಡೆಯ ಒಬ್ಬ ಹುಡುಗ. ಸೇನಾ ಭರ್ತಿಯ ಓಟದಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿ ಪೂರ್ತಿ 60 ಅಂಕ ತೆಗೆದವನು. ಲಿಸ್ಟಿನಲ್ಲಿ ಹೆಸರು ಬಂದ ದಿನ ಊರವರು ಹಾರ ಹಾಕಿ ಫ್ಲೆಕ್ಸ್ ಕಟ್ಟಿದರು. ಓಟ ಅವತ್ತೇ ನಿಂತಿತು. ರಾತ್ರಿಯೆಲ್ಲ ಮೊಬೈಲ್, ಬೆಳಗ್ಗೆ ಒಂಬತ್ತಕ್ಕೆ ಏಳುವುದು. ಬರಬರುತ್ತಾ ಮಾತೇ ಕಡಿಮೆಯಾಯಿತು. ಅವರಪ್ಪ ಫೋನ್ ಮಾಡಿದರು. "ಸಾರ್, ಹೋಗಲ್ಲ ಅಂತಾನೆ. ಮೊಬೈಲ್ ಕಿತ್ಕೊಳ್ಲಾ?"

ಬೇಡ ಅಂದೆ. ನಮ್ಮ ಗುಂಪಿಗೆ ಸೇರಿಸಿದೆ. ಟ್ರೈನಿಂಗ್ ಮುಗಿಸಿ ರಜೆಗೆ ಬಂದಿದ್ದ ಹಿರಿಯೂರಿನ ಹುಡುಗನಿಂದ ವಿಡಿಯೊ ಕಾಲ್ ಮಾಡಿಸಿದೆ. ಇವನು ಮೊದಲು ಕೇಳಿದ್ದೇನು ಗೊತ್ತಾ? "ಅಣ್ಣಾ, ಅಲ್ಲಿ ಮುದ್ದೆ ಇರಲ್ವಂತೆ?" ಆಮೇಲೆ ಹಿಂದಿ. "ಬೈದ್ರೂ ಅರ್ಥ ಆಗಲ್ವಲ್ಲಣ್ಣ." ಅವನು, "ನಂಗೂ ಬರ್ತಿರ್ಲಿಲ್ಲ ಕಣೋ. ಸಾವ್‌ಧಾನ್, ವಿಶ್ರಾಮ್, ಪೀಛೇ ಮುಡ್, ಮೊದ್ಲು ಇಷ್ಟು ಕಲಿ" ಅಂತ ಎದ್ದು ಮಾಡಿ ತೋರಿಸಿದ. ಇವನೂ ಅಂಗಳದಲ್ಲಿ ನಿಂತು ಮಾಡಿದ. ಅವರಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮಾರನೇ ದಿನ ಬೆಳಗ್ಗೆಯೇ ಇವನ ಓಟದ ಟೈಮ್ ಗುಂಪಿಗೆ ಬಂತು!

ಭಯ ಹುಟ್ಟುವುದು ಸುಮ್ನೆ ಕೂತಾಗ. ಅದಕ್ಕೇ ಹೇಳುವುದು, ದಿನಾ ಓಡಿ, ದಿನಾ ಹಾಕಿ. ತಿಂಗಳುಗಟ್ಟಲೆ ಬಿಟ್ಟು, ಟ್ರೈನಿಂಗ್ ಸೆಂಟರಿನಲ್ಲಿ ಒಮ್ಮೆಲೇ ಬೂಟು ಹಾಕಿ ಓಡಿದರೆ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡಬಹುದು. ಆಗ ನಿಮ್ಮ ಜೊತೆಯವರು ಮುಂದೆ ಹೋಗುತ್ತಾರೆ, ನೀವು ಹಿಂದೆ ಉಳಿಯುತ್ತೀರಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ ಬೇಡ, ಓಟದ ಲೆಕ್ಕ ಮಾತ್ರ. ಕಾಲ್ ಲೆಟರ್, ಆಧಾರ್ ಫೋಟೊ ಎಲ್ಲೂ ಹಾಕಬೇಡಿ. ಮಾಹಿತಿ ಹೊರಗೆ ಸೋರಬಾರದೆಂದು 2020ರಲ್ಲಿ ಸೇನೆ ತನ್ನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಮೊಬೈಲಿನಿಂದ ತೆಗೆದುಹಾಕಲು ಹೇಳಿತ್ತು. ಆ ಶಿಸ್ತು ಈಗಿನಿಂದಲೇ ಇರಲಿ. ದಿನಾಂಕ, ಕಾಗದಪತ್ರದ ವಿಷಯ ಸೇನೆಯ ವೆಬ್‌ಸೈಟಿನಲ್ಲೇ ನೋಡಿ. ದುಡ್ಡು ಕೇಳುವವರ ಮೆಸೇಜ್ ನಂಬಬೇಡಿ.

ಅಮ್ಮಂದಿರೇ, ಟ್ರೈನಿಂಗಿನಲ್ಲಿ ಬೇಕೆಂದಾಗ ಮೊಬೈಲ್ ಸಿಗುವುದಿಲ್ಲ. ಫೋನ್ ಬರಲಿಲ್ಲ ಅಂತ ಗಾಬರಿಯಾಗಬೇಡಿ. ನಮಸ್ಕಾರ.